ಪಿಎಲ್‌ಸಿ ರ‍್ಯಾಕ್‌ನಲ್ಲಿ ಯಾವ ಕಾರ್ಡ್ ಎಲ್ಲಿ ಕೂರಬೇಕು?

ಓದುಗರ ಪ್ರಶ್ನೆ: ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಇರುವ ಹೊಸ ಪ್ಯಾನೆಲ್ ಒಂದರ ಡ್ರಾಯಿಂಗ್ ಮಾಡುತ್ತಿದ್ದೇನೆ. ಡಿಜಿಟಲ್ ಇನ್‌ಪುಟ್, ಡಿಜಿಟಲ್ ಔಟ್‌ಪುಟ್, ರಿಲೇ ಔಟ್‌ಪುಟ್, ಥರ್ಮೋಕಪಲ್ (ತಾಪ ಅಳೆಯುವ ಸೆನ್ಸರ್) ಎಲ್ಲವೂ ಇವೆ. ಒಂದೇ ಜಾತಿಯ ಕಾರ್ಡ್‌ಗಳನ್ನು ಒಟ್ಟಿಗೆ ಇಡಬೇಕೋ, ಯಂತ್ರಕ್ಕೆ ತಕ್ಕಂತೆ ಬೆರೆಸಿ ಇಡಬೇಕೋ? ಕ್ರಮ ತಪ್ಪಿದರೆ ಪಿಎಲ್‌ಸಿ ಓಡುವುದೇ ಇಲ್ಲವೇ?

ಉತ್ತರ: ಓಡುತ್ತದೆ. ಇನ್‌ಪುಟ್ ಕಾರ್ಡ್ ಔಟ್‌ಪುಟ್‌ನ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಸಿಪಿಯು ತಲೆ ಕೆಡಿಸಿಕೊಳ್ಳುವುದಿಲ್ಲ. ತಯಾರಕರು ಹಾಕಿದ ಒಂದೆರಡು ಕಟ್ಟುಪಾಡುಗಳನ್ನು ಮಾತ್ರ ಮೀರುವಂತಿಲ್ಲ. ಸೀಮೆನ್ಸ್ ಎಸ್7-300ರಲ್ಲಿ 1ನೇ ಸ್ಲಾಟ್ ಪವರ್ ಸಪ್ಲೈಗೆ, 2ನೆಯದು ಸಿಪಿಯುಗೆ, 3ನೆಯದು ಮುಂದಿನ ರ‍್ಯಾಕ್‌ಗೆ ಕೊಂಡಿ ಹಾಕುವ ಇಂಟರ್‌ಫೇಸ್ ಮಾಡ್ಯೂಲ್‌ಗೆ ಮೀಸಲು. ನಿಮ್ಮ ಕಾರ್ಡ್‌ಗಳಿಗೆ ಸಿಗುವುದು 4ರಿಂದ 11, ಅಂದರೆ ಎಂಟೇ ಜಾಗ. ಅಲನ್-ಬ್ರ್ಯಾಡ್ಲಿಯ ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಸಿಪಿಯುವನ್ನು ಯಾವ ಸ್ಲಾಟ್‌ನಲ್ಲಾದರೂ ಕೂರಿಸಬಹುದು. ಅದೇ ಕಂಪನಿಯ 1769 ಸರಣಿಯಲ್ಲಿ ಮಾತ್ರ ಪವರ್ ಸಪ್ಲೈಯಿಂದ ಎಷ್ಟು ದೂರ ಎಂಬ ಮಿತಿ ಇದೆ. ಹೆಚ್ಚಿನ ಕಾರ್ಡ್‌ಗಳಿಗೆ ಅದು 8ನೇ ಜಾಗದವರೆಗೆ. ಡಿವೈಸ್‌ನೆಟ್ ಜಾಲದ ಸ್ಕ್ಯಾನರ್‌ನಂಥವಕ್ಕೆ 4, ಅದನ್ನು ಐದನೆಯದಾಗಿ ಇಟ್ಟರೆ ನಿಯಮ ಮುರಿದಂತೆ. ಬ್ಯಾಕ್‌ಪ್ಲೇನ್‌ನಿಂದ (ಕಾರ್ಡ್‌ಗಳನ್ನು ಹಿಂದಿನಿಂದ ಜೋಡಿಸುವ ಬಸ್) ಪ್ರತಿ ಕಾರ್ಡ್ ಎಳೆಯುವ ಕರೆಂಟ್ ಕೂಡಿ ನೋಡುವುದನ್ನೂ ಮರೆಯಬೇಡಿ. ಕಾರ್ಡ್‌ನ ಡೇಟಾಶೀಟ್‌ನಲ್ಲಿ ಅದು ಒಂದೇ ಸಾಲು.

ಇಷ್ಟು ಪಾಲಿಸಿದ ಮೇಲೆ ಉಳಿದದ್ದು ನಿಮ್ಮ ಇಷ್ಟ. ವೈರ್ ಎಲ್ಲಿಂದ ಬಂದು ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಕಾರ್ಡಿಗೆ ಜಾಗ ಕೊಡುವುದು ನನ್ನ ಪದ್ಧತಿ.

ಎಸ್7-300 ರ‍್ಯಾಕ್ ಒಂದನ್ನೇ ತೆಗೆದುಕೊಳ್ಳಿ. ಎಲ್ಲ ಕಾರ್ಡ್‌ಗಳ ವೈರ್‌ಗಳೂ ಮುಂದಿನ ಕನೆಕ್ಟರ್‌ನಿಂದ ಕೆಳಕ್ಕಿಳಿದು ವೈರ್ ಹಾಯುವ ಒಂದೇ ಅಡ್ಡ ಡಕ್ಟ್‌ಗೆ ಬೀಳುತ್ತವೆ. ಕಾಂಟ್ಯಾಕ್ಟರ್ (ಮೋಟರ್‌ನಂಥವನ್ನು ಆನ್-ಆಫ್ ಮಾಡುವ ದೊಡ್ಡ ಸ್ವಿಚ್) ಕಾಯಿಲ್‌ಗೆ 230 ವೋಲ್ಟ್ ಕೊಡುವ ರಿಲೇ ಕಾರ್ಡ್ ಬಲತುದಿಯಲ್ಲಿ, ಥರ್ಮೋಕಪಲ್ ಕಾರ್ಡ್ ಎಡದಲ್ಲಿ ಇದ್ದು, ಎರಡರ ವೈರ್‌ಗಳೂ ಎಡಗಡೆಯ ಲಂಬ ಡಕ್ಟ್‌ಗೆ ಹೋಗಬೇಕಾದರೆ ಅವು ಉದ್ದಕ್ಕೂ ಮೈಗೆ ಮೈ ತಾಗಿಸಿಕೊಂಡೇ ಸಾಗುತ್ತವೆ. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಅಂದರೆ ಒಂದೇ ಒಂದು ಮಿಲಿವೋಲ್ಟ್ ಗಲಾಟೆ ಒಳನುಗ್ಗಿದರೂ ತೆರೆಯ ಮೇಲೆ ತಾಪಮಾನ 24 ಡಿಗ್ರಿ ಜಿಗಿಯುತ್ತದೆ. ಥರ್ಮೋಕಪಲ್‌ನಂಥ ಅನಲಾಗ್ ಕಾರ್ಡ್‌ಗಳಲ್ಲಿ ಮೇನ್ಸ್‌ನ 50 ಹರ್ಟ್ಸ್ ಗದ್ದಲವನ್ನು ಅಡಗಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಲೇಬೇಕು. ಆದರೆ ಕಾಂಟ್ಯಾಕ್ಟರ್ ಬಿಡುವಾಗ ಕಾಯಿಲ್ ಒದೆಯುವ ಒದೆತ 50 ಹರ್ಟ್ಸ್‌ನದಲ್ಲ. ಅದಕ್ಕೆ ಕಾಯಿಲ್ ಮೇಲೇ ಸ್ನಬರ್ (ಆ ಒದೆತ ಹೀರುವ ಬಿಡಿಭಾಗ) ಬೇಕು, ಡಿಸಿ ಕಾಯಿಲ್ ಆದರೆ ಡಯೋಡ್ ಬೇಕು, ಜೊತೆಗೆ ವೈರ್‌ಗಳ ನಡುವೆ ದೂರ ಬೇಕು.

ಥರ್ಮೋಕಪಲ್ ಕಾರ್ಡ್‌ಗೆ ಇನ್ನೊಂದು ತಾಪತ್ರಯವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಕೋಲ್ಡ್ ಜಂಕ್ಷನ್ (ಥರ್ಮೋಕಪಲ್ ವೈರ್ ಕಾರ್ಡ್‌ಗೆ ಸೇರುವ ತುದಿ) ತಾಪದ ಲೆಕ್ಕವನ್ನು ಕಾರ್ಡ್ ಒಳಗಿನ ಸೆನ್ಸರ್‌ನಿಂದಲೇ ಮಾಡಿಸುತ್ತಿದ್ದರೆ, ಆ ಸೆನ್ಸರ್ ಇರುವ ಜಾಗಕ್ಕೂ ವೈರ್ ಕೂರುವ ಟರ್ಮಿನಲ್‌ಗೂ ಒಂದೇ ತಾಪ ಇರಬೇಕು. ಪಕ್ಕದಲ್ಲಿ ಬಿಸಿಯಾಗುವ ಪವರ್ ಸಪ್ಲೈಯೋ ಭರ್ತಿ ಲೋಡ್‌ನ ಔಟ್‌ಪುಟ್ ಕಾರ್ಡೋ ಇದ್ದು ಎರಡು ಡಿಗ್ರಿ ವ್ಯತ್ಯಾಸ ಬಂದರೆ, ಕುಲುಮೆಯ ರೀಡಿಂಗ್ ಕೂಡ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಸೆನ್ಸರ್ ಬದಲಿಸಿ, ಕೇಬಲ್ ಬದಲಿಸಿ, ಯಾವುದರಿಂದಲೂ ಅದು ಸರಿಹೋಗದು.

ಹಾಗಾಗಿ ನಾನು ಕೊಡುವ ಕ್ರಮ ಹೀಗೆ. 230 ವೋಲ್ಟ್ ಹೇಗೂ ಪವರ್ ಸಪ್ಲೈ ಇರುವ ಎಡಗಡೆಯಿಂದಲೇ ಬರುತ್ತದೆ, ರಿಲೇ ಔಟ್‌ಪುಟ್‌ಗಳೂ ಅಲ್ಲೇ ಇರಲಿ. ಆಮೇಲೆ 24 ವೋಲ್ಟ್ ಔಟ್‌ಪುಟ್, ನಡುವೆ ಡಿಜಿಟಲ್ ಇನ್‌ಪುಟ್, ಬಲತುದಿಯಲ್ಲಿ ಅನಲಾಗ್. ಎಡ ಲಂಬ ಡಕ್ಟ್ ಎಸಿಗೆ, ಬಲದ್ದು ಶೀಲ್ಡ್ ಇರುವ ಸಿಗ್ನಲ್ ಕೇಬಲ್‌ಗೆ. ಗದ್ದಲಕ್ಕೂ ಬಿಸಿಗೂ ಒಂದೇ ಉತ್ತರ ಸಿಕ್ಕಿತು. ಡಿಜಿಟಲ್ ಇನ್‌ಪುಟ್ ಮೊದಲು ಬರಬೇಕು ಎಂಬ ರೂಢಿ ಬಹಳ ಕಡೆ ಇದೆ. ಪ್ರೋಗ್ರಾಂನಲ್ಲಿ ಬಳಸುವ ಅಡ್ರೆಸ್ 0ಯಿಂದ ಶುರುವಾಗುವುದು ಚೆಂದ ಎನ್ನುವುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣ ನನಗೆ ಕಂಡಿಲ್ಲ.

ಅಡ್ರೆಸ್ ವಿಷಯ ಬಂದಿದ್ದರಿಂದ ಹೇಳಿಬಿಡುತ್ತೇನೆ. ಎಸ್7-300ರಲ್ಲಿ ತಾನಾಗಿ ಸಿಗುವ ಅಡ್ರೆಸ್ ಸ್ಲಾಟ್ ಲೆಕ್ಕದ್ದು: ಡಿಜಿಟಲ್ ಆದರೆ ಸ್ಲಾಟಿಗೆ 4 ಬೈಟ್, 4ನೇ ಸ್ಲಾಟ್ 0ಯಿಂದ, 5ನೆಯದು 4ರಿಂದ, ಅನಲಾಗ್ ಆದರೆ 256ರಿಂದ ಶುರು, ಸ್ಲಾಟಿಗೆ 16 ಬೈಟ್. ಮಿತ್ಸುಬಿಷಿ ಕ್ಯೂ ಸರಣಿಯಲ್ಲಿ ನೀವಾಗಿ ನಿಗದಿ ಮಾಡದಿದ್ದರೆ ಪಾಯಿಂಟ್‌ಗಳನ್ನು (ಒಂದೊಂದು ಸಿಗ್ನಲ್‌ನ ಜಾಗ) ಎಡದಿಂದ ಎಣಿಸುತ್ತಾ ಹೋಗುತ್ತದೆ. ನಡುವಿನ 16 ಪಾಯಿಂಟ್ ಕಾರ್ಡ್ ತೆಗೆದು 32ರದ್ದು ಹಾಕಿದಿರೋ, ಅದರ ಬಲಕ್ಕಿದ್ದ ಇನ್‌ಪುಟ್ ಎಕ್ಸ್20 ಈಗ ಎಕ್ಸ್30 (ಇಲ್ಲಿ ಎಣಿಕೆ ಹದಿನಾರರ ಲೆಕ್ಕದ್ದು). ಪ್ರೋಗ್ರಾಂ ತಿದ್ದುವುದು ಅರ್ಧ ಗಂಟೆಯ ಕೆಲಸ. ವೈರ್‌ಗೆ ಹಾಕಿದ ಫೆರೂಲ್ (ಗುರುತಿನ ಕೊಳವೆ) ಮೇಲೆ ಹಳೆಯ ಅಡ್ರೆಸ್ ಅಚ್ಚಾಗಿರುತ್ತದಲ್ಲ, ಅದನ್ನು ಯಾರು ಬದಲಿಸುತ್ತಾರೆ? ಯಾರೂ ಬದಲಿಸುವುದಿಲ್ಲ. ಆದ್ದರಿಂದ ಮುಂದೆ ಬರಲಿರುವ ಕಾರ್ಡಿಗೆ ಈಗಲೇ ಸ್ಲಾಟ್ ಹಿಡಿದಿಡಿ. ಎಸ್7-300ರಲ್ಲಿ ಅದಕ್ಕೆಂದೇ ಡಿಎಂ 370 ಎಂಬ ಡಮ್ಮಿ ಮಾಡ್ಯೂಲ್ ಇದೆ.

ಈಗ ನಿಮ್ಮ "ಯಂತ್ರಕ್ಕೆ ತಕ್ಕಂತೆ" ಎಂಬ ಮಾತಿಗೆ ಬರೋಣ. ಒಂದು ಯಂತ್ರದ್ದೆಲ್ಲ ಒಂದೇ ಕಾರ್ಡ್‌ನಲ್ಲಿದ್ದರೆ ದೋಷ ಹುಡುಕುವುದು ಸುಲಭ, ಒಪ್ಪುತ್ತೇನೆ. ಒಂದಕ್ಕೊಂದು ಬದಲಿಯಾಗಿ ಇಟ್ಟ ಯಂತ್ರಗಳಿಗೆ ಮಾತ್ರ ಆ ಸುಖ ಬೇಡ. ಬಾಯ್ಲರ್‌ಗೆ ನೀರು ಕೊಡುವ ಎರಡು ಪಂಪ್‌ಗಳಿವೆ ಎನ್ನಿ, ಒಂದು ಓಡುವುದು, ಇನ್ನೊಂದು ಕಾಯುವುದು. ಎರಡರ ಔಟ್‌ಪುಟ್‌ಗಳೂ ಒಂದೇ ಕಾರ್ಡ್‌ನ ಮೊದಲ ಎರಡು ಪಾಯಿಂಟ್‌ಗಳು. ಒಂದೇ ಸಪ್ಲೈ ಹಂಚಿಕೊಳ್ಳುವ ಆ ಗುಂಪಿನ 24 ವೋಲ್ಟ್ ಫ್ಯೂಸ್ ಹೋದ ಕ್ಷಣ ಎರಡೂ ನಿಂತವು. ಎರಡನೇ ಪಂಪಿಗೆ ಸುರಿದ ದುಡ್ಡು ನೀರುಪಾಲು, ಅದೂ ನೀರಿಲ್ಲದೆ! ಎ ಪಂಪ್ ಒಂದು ಕಾರ್ಡ್‌ನಲ್ಲಿ, ಬಿ ಪಂಪ್ ಮತ್ತೊಂದರಲ್ಲಿ ಇರಲಿ. ಅವು ಓಡುತ್ತಿವೆ ಎಂದು ಹೇಳುವ ಇನ್‌ಪುಟ್‌ಗಳನ್ನೂ ಹಾಗೆಯೇ ಬೇರೆ ಮಾಡಿ. ಕಾರ್ಡ್ ಒಂದೇ ಇದ್ದರೆ ಗುಂಪನ್ನಾದರೂ ಬದಲಿಸಿ. ಎಸ್7-300ರ 32 ಪಾಯಿಂಟ್ ಔಟ್‌ಪುಟ್ ಕಾರ್ಡ್‌ನಲ್ಲಿ ಎಂಟೆಂಟರ ನಾಲ್ಕು ಗುಂಪುಗಳಿಗೆ ಸಪ್ಲೈ ಬೇರೆ ಬೇರೆ ಕೊಡಲು ಬರುತ್ತದೆ.

ಖಾಲಿ ಪಾಯಿಂಟ್‌ಗಳನ್ನೂ ಹೀಗೇ ಹಂಚಿ. ಶೇ. 20 ಸ್ಪೇರ್ ಕೇಳಿದ್ದಾರೆಂದು ಕೊನೆಗೊಂದು ಇಡೀ ಕಾರ್ಡ್ ಖಾಲಿ ಬಿಡುವ ಬದಲು, ಪ್ರತಿ ಕಾರ್ಡ್‌ನಲ್ಲೂ ಮೂರ‍್ನಾಲ್ಕು ಪಾಯಿಂಟ್ ಉಳಿಸಿ, ಅವನ್ನು ಟರ್ಮಿನಲ್ ಬ್ಲಾಕ್‌ವರೆಗೂ ವೈರ್ ಮಾಡಿಸಿಬಿಡಿ. ಪಾಯಿಂಟ್ ಒಂದು ಸುಟ್ಟರೆ ಪಕ್ಕದ್ದಕ್ಕೆ ದಾಟಿಸಲು ಆಗ ಡಕ್ಟ್ ಮುಚ್ಚಳ ತೆಗೆಯುವ ಕೆಲಸವೂ ಇರುವುದಿಲ್ಲ.