ಕ್ಲಾಸ್ ಏರಿಸುವ ಮೊದಲು ಬಾಕಿ ಬಿಲ್ ನೋಡಿ

ಪುರಸಭೆ, ನಗರಸಭೆ ಕೆಲಸ ಮಾಡುವ ಗುತ್ತಿಗೆದಾರರ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಚಿಕ್ಕ ಕೆಲಸಕ್ಕಿರುವ ನಾಲ್ಕನೇ ದರ್ಜೆ (ಕ್ಲಾಸ್) ಲೈಸೆನ್ಸ್‌ನಲ್ಲಿ ಶುರು ಮಾಡಿ, ದೊಡ್ಡ ಕೆಲಸ ಹಿಡಿಯಬಹುದಾದ ಒಂದನೇ ದರ್ಜೆಗೆ ಬಂದು ಗಟ್ಟಿಯಾಗಿ ನಿಂತವರನ್ನು ನೋಡಿದ್ದೇನೆ. ಒಂದನೇ ದರ್ಜೆ ಸಿಕ್ಕ ಸ್ವಲ್ಪ ದಿನಕ್ಕೇ ಮಿಕ್ಸರ್, ಟಿಪ್ಪರ್ ಮಾರಿಕೊಂಡವರನ್ನೂ ನೋಡಿದ್ದೇನೆ. ಇಬ್ಬರಿಗೂ ಕೆಲಸಕ್ಕೆ ಬರವಿರಲಿಲ್ಲ. ಬಿಲ್ ಬರುವ ತನಕ ತಡೆದುಕೊಳ್ಳುವ ಶಕ್ತಿ ಒಬ್ಬರಿಗಿತ್ತು, ಇನ್ನೊಬ್ಬರಿಗಿರಲಿಲ್ಲ, ಅಷ್ಟೇ.

10 ಲಕ್ಷ ರೂಪಾಯಿಯ ಒಂದು ಚರಂಡಿ ಕೆಲಸ ತೆಗೆದುಕೊಳ್ಳೋಣ. ಜಿಎಸ್‌ಟಿ ಶೇ 18 ಸೇರಿದರೆ ಬಿಲ್ 11.80 ಲಕ್ಷ. (ಇದು ಮೊದಲು ಶೇ 12 ಇತ್ತು, 2022ರ ಜುಲೈ 18ರಿಂದ 18 ಆಯಿತು.) ಸ್ವಂತ ಹೆಸರಿನಲ್ಲಿ ಕೆಲಸ ಮಾಡುವವರಿಗೆ ಆದಾಯ ತೆರಿಗೆ ಶೇ 1 ಮುರಿಯುತ್ತಾರೆ. ಜಿಎಸ್‌ಟಿ ಟಿಡಿಎಸ್ (ನಿಮ್ಮ ಜಿಎಸ್‌ಟಿಗೆಂದು ಮೊದಲೇ ಮುರಿದುಕೊಳ್ಳುವುದು) ಶೇ 2, ಕಾರ್ಮಿಕ ಸೆಸ್ ಶೇ 1. ಭದ್ರತಾ ಠೇವಣಿ ಅಂತ ಶೇ 5 ಹಿಡಿದರು ಎಂದುಕೊಳ್ಳಿ. ಎಲ್ಲ 10 ಲಕ್ಷದ ಮೇಲಿನ ಲೆಕ್ಕ. ಅಲ್ಲಿಗೆ 90 ಸಾವಿರ ಹೋಯಿತು, ಕೈಗೆ ಬಂದದ್ದು 10.90 ಲಕ್ಷ. ಅದರಲ್ಲೂ 1.60 ಲಕ್ಷ ನಿಮ್ಮದಲ್ಲ, ಜಿಎಸ್‌ಟಿ ಬಾಕಿ (1.80 ಲಕ್ಷದಲ್ಲಿ 20 ಸಾವಿರ ಟಿಡಿಎಸ್ ಆಗಿ ಹೋಗಿದೆ). ಸಿಮೆಂಟ್, ಕಬ್ಬಿಣಕ್ಕೆ ಸರಿಯಾದ ಬಿಲ್ ಇದ್ದರೆ ಅಲ್ಲಿ ಕಟ್ಟಿದ ತೆರಿಗೆ ಇದರಲ್ಲಿ ವಜಾ ಆಗುತ್ತದೆ. ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುತ್ತದೆ ಅಂತ ಮಾಲು ತಂದಿದ್ದರೆ ಪೂರ್ತಿ ಕೈಯಿಂದಲೇ ಕಟ್ಟಬೇಕು. ಉಳಿಯುವುದು 9.30 ಲಕ್ಷ. ಎಸ್‌ಆರ್ ದರಕ್ಕಿಂತ (ಸರ್ಕಾರಿ ದರಪಟ್ಟಿಯ ದರ) ಎಷ್ಟು ಕಡಿಮೆಗೆ ಟೆಂಡರ್ ಹಾಕಬಹುದು ಎಂಬುದನ್ನು ಈ 9.30ರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು, 10ರಿಂದ ಅಲ್ಲ.

ಇದೂ ದುಡ್ಡು ಬಂದಾಗಿನ ಮಾತು. ಯಾವಾಗ ಬರುತ್ತದೆ ಎನ್ನುವುದು ಕೆಲಸ ಯಾವ ಅನುದಾನದ್ದು ಎಂಬುದರ ಮೇಲೆ ನಿಂತಿದೆ. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ), ಕೇಂದ್ರ ಹಣಕಾಸು ಆಯೋಗ, ರಾಜ್ಯದ ನಗರೋತ್ಥಾನ ಯೋಜನೆ, ಪುರಸಭೆ ನಿಧಿ, ಒಂದೊಂದರ ದಾರಿ ಬೇರೆ. ಟೆಂಡರ್ ತುಂಬುವ ಮೊದಲು ಹಣ ಬಂದು ಕೂತಿದೆಯಾ, ಬರೀ ಕ್ರಿಯಾಯೋಜನೆ ಮಂಜೂರಾಗಿದೆಯಾ ಅಂತ ಅಕೌಂಟ್ಸ್ ವಿಭಾಗದಲ್ಲಿ ಕೇಳಿ. ಕೇಳಲು ಸಂಕೋಚ ಬೇಡ.

ನಾನು ನಿರ್ವಹಣೆ ಕೆಲಸದ ಪರ ಇರುವುದು ಈ ಕಾರಣಕ್ಕೇ. ಬೀದಿದೀಪ, ಬೋರ್‌ವೆಲ್ ಮೋಟರ್ ರಿಪೇರಿ, ವಾಲ್ವ್ ಸೋರಿಕೆ, ಗುಂಡಿ ಮುಚ್ಚುವುದು. ಲಾಭ ಕಡಿಮೆ, ಹೆಸರೂ ಇಲ್ಲ. ಆದರೆ ಬಿಲ್ ತಿಂಗಳು ತಿಂಗಳು ಆಗುತ್ತದೆ, ಮೊತ್ತ ಚಿಕ್ಕದು, ಪುರಸಭೆಯ ಸ್ವಂತ ನಿಧಿಯಿಂದಲೇ ಆಗುವ ಕೆಲಸ ಜಾಸ್ತಿ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟುವವರಿಗೆ ಶೇ 5 ರಿಯಾಯಿತಿ ಇರುವುದರಿಂದ ಆಗ ಆ ನಿಧಿಗೆ ದುಡ್ಡು ಹರಿಯುತ್ತದೆ. ಮಾರ್ಚ್ ಎಂಡ್‌ನಲ್ಲಿ ಸಿಗದ ಚಿಕ್ಕ ಬಿಲ್ ಮೇ ತಿಂಗಳಲ್ಲಿ ಪಾಸಾಗುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಲ್ಲಿ ತೆರಿಗೆಯ ಒಂದು ಸೂಕ್ಷ್ಮ ಇದೆ. ಪುರಸಭೆಯ ಕರ್ತವ್ಯಕ್ಕೆ ಸೇರಿದ ಕೆಲಸಕ್ಕೆ ಬರೀ ಕೂಲಿ, ಸೇವೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸೇರಿದ್ದರೂ ಅದರ ಬೆಲೆ ಒಟ್ಟು ಮೊತ್ತದ ಶೇ 25 ದಾಟದಿದ್ದರೆ ವಿನಾಯಿತಿ ಸಿಗುತ್ತದೆ. ಆದರೆ ಆ ಕೆಲಸಕ್ಕೆ ಕೊಂಡ ಸಾಮಾನಿನ ತೆರಿಗೆ ವಾಪಸ್ ಸಿಗುವುದಿಲ್ಲ. ಆದ್ದರಿಂದ ನಿರ್ವಹಣೆ ಮತ್ತು ಕಟ್ಟಡ ಕೆಲಸದ ಖರೀದಿ ಲೆಕ್ಕ ಮೊದಲ ದಿನದಿಂದಲೇ ಬೇರೆ ಬೇರೆ ಇಡಿ.

ಕೂಲಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುವ ಕೆಲಸ ಯಾವ ರೇಟಿಗೂ ಬೇಡ, ಸುರಕ್ಷಾ ಸಾಧನ ಇಲ್ಲದೆ ಇಳಿಸಿದರೆ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅದು ಅಪರಾಧ. ಪಿಎಫ್, ಇಎಸ್‌ಐ ಚಲನ್ ತಪ್ಪಿಸಬೇಡಿ. ಬಿಲ್ ಮೂರು ತಿಂಗಳು ತಡವಾದರೂ ಸಂಬಳ ಒಂದು ದಿನ ತಡವಾಗಬಾರದು. ಮೂರು ತಿಂಗಳ ಸಂಬಳ ಕೈಯಲ್ಲಿ ಇಲ್ಲದಿದ್ದರೆ ಆ ಟೆಂಡರ್ ಹಾಕಲೇಬೇಡಿ.

ದೊಡ್ಡ ಟೆಂಡರ್‌ಗೆ ಹೋಗುವಾಗ ಬಿಡ್ ಕೆಪಾಸಿಟಿ, ಅಂದರೆ ಇನ್ನೆಷ್ಟು ಮೊತ್ತದ ಕೆಲಸ ಹಿಡಿಯುವ ಶಕ್ತಿ ಇದೆ ಅಂತ, ಕೇಳುತ್ತಾರೆ. ಐದು ವರ್ಷದಲ್ಲಿ ಅತಿ ಹೆಚ್ಚು ವಹಿವಾಟು ಆದ ವರ್ಷದ ಮೊತ್ತವನ್ನು ಹೊಸ ಕೆಲಸದ ಅವಧಿಯಿಂದ ಗುಣಿಸಿ, ಎಷ್ಟೋ ಟೆಂಡರ್‌ಗಳಲ್ಲಿ ಒಂದೂವರೆ ಪಟ್ಟು ಮಾಡಿ, ಕೈಯಲ್ಲಿರುವ ಬಾಕಿ ಕೆಲಸ ಕಳೆಯುತ್ತಾರೆ. ವಹಿವಾಟು 80 ಲಕ್ಷ, ಕೆಲಸ ಒಂದು ವರ್ಷದ್ದು ಎಂದರೆ 1.20 ಕೋಟಿ. 70 ಲಕ್ಷದ ಕೆಲಸ ಬಾಕಿ ಇದ್ದರೆ ಉಳಿಯುವುದು 50 ಲಕ್ಷ. ಅರ್ಧಕ್ಕೆ ಬಿಟ್ಟ ಹಳೇ ಕೆಲಸ ಸುಮ್ನೆ ಫೈಲ್‌ನಲ್ಲಿ ಮಲಗಿರುವುದಿಲ್ಲ. ನಿಮ್ಮ ಮುಂದಿನ ಟೆಂಡರನ್ನು ತಿನ್ನುತ್ತಿರುತ್ತದೆ.

ಅದನ್ನು ಮುಗಿಸಿ ಪೂರ್ಣಗೊಂಡ ಪ್ರಮಾಣಪತ್ರ ತರಬೇಕು ಎಂದರೆ ಎಂ.ಬಿ. (ಇಂಜಿನಿಯರ್ ಅಳತೆ ಬರೆಯುವ ಪುಸ್ತಕ) ಸರಿ ಇರಬೇಕು. ಚರಂಡಿಯಲ್ಲಿ ಮಣ್ಣು ತೆಗೆದ ಆಳ, ತಳದ ಬೆಡ್ ಕಾಂಕ್ರೀಟಿನ ದಪ್ಪ, ಮೇಲೆ ಗೋಡೆ ಎದ್ದ ಮೇಲೆ ಕಾಣುವುದಿಲ್ಲ. ನಮ್ಮ ಒಬ್ಬ ಗುತ್ತಿಗೆದಾರರು ಮಳೆ ಬರುತ್ತದೆ ಅಂತ ಇಂಜಿನಿಯರ್ ಅಳತೆಗೆ ಬರುವ ಮೊದಲೇ ಕಾಂಕ್ರೀಟ್ ಹಾಕಿ ಮುಗಿಸಿದರು. ಅವರು ತೋಡಿದ್ದು ನಿಜ, ಆದರೆ ಪುಸ್ತಕದಲ್ಲಿ ಇಲ್ಲದ ಆಳಕ್ಕೆ ದುಡ್ಡು ಸಿಗಲಿಲ್ಲ. ಟೇಪ್ ಹಿಡಿದು ಜಿಪಿಎಸ್ ಫೋಟೋ ತೆಗೆದು, ಅವತ್ತೇ ಇಂಜಿನಿಯರ್‌ಗೆ ಲಿಖಿತವಾಗಿ ಕಳಿಸಿ. ಅವರು ಬಂದು ಅಳೆಯುವ ತನಕ ಮುಚ್ಚಬೇಡಿ.

ಭದ್ರತಾ ಠೇವಣಿ ಮಾತ್ರ ಎಲ್ಲರೂ ಮರೆಯುವ ಬಾಬ್ತು. ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ನೀವೇ ಸರಿಪಡಿಸಬೇಕಾದ ಕಾಲ) ಮುಗಿದರೂ ತಾನಾಗಿ ವಾಪಸ್ ಬರುವುದಿಲ್ಲ. ಅರ್ಜಿ ಕೊಡಬೇಕು, ಸ್ಥಳ ಪರಿಶೀಲನೆ ಆಗಬೇಕು. ಒಂದು ನೋಟ್‌ಬುಕ್‌ನಲ್ಲಿ ಕೆಲಸದ ಹೆಸರು, ಹಿಡಿದ ಮೊತ್ತ, ಅವಧಿ ಮುಗಿಯುವ ದಿನ ಬರೆದಿಡಿ. ಆ ದಿನಕ್ಕೆ ಒಂದು ತಿಂಗಳು ಮೊದಲೇ ಹೋಗಿ ಬಿರುಕು, ಸೋರಿಕೆ ಇದ್ದರೆ ಸರಿಪಡಿಸಿ, ಆಮೇಲೆ ಅರ್ಜಿ ಹಾಕಿ.