ಮನೆಗೆ ಬಂದು ಇಷ್ಟೆಲ್ಲಾ ಯಾಕೆ ಕೇಳುತ್ತಾರೆ?

ಓದುಗರ ಪ್ರಶ್ನೆ: ಆರೋಗ್ಯದ ಸರ್ವೇ ಅಂತ ಮನೆಗೆ ಬಂದಿದ್ದರು. ಎಷ್ಟು ಹೆರಿಗೆ, ಆಪರೇಷನ್ ಆಗಿದೆಯಾ, ಅಡುಗೆ ಯಾವುದರಲ್ಲಿ, ಎಲ್ಲಾ ಕೇಳಿದರು. ಬೆರಳು ಚುಚ್ಚಿ ರಕ್ತವನ್ನೂ ತೆಗೆದುಕೊಂಡರು. ಇದೆಲ್ಲಾ ಆಸ್ಪತ್ರೆಯಲ್ಲೇ ಸಿಗೋದಿಲ್ವಾ?

ಸಿಗೋದಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಇರುವುದು ಅಲ್ಲಿಗೆ ಬಂದವರ ಲೆಕ್ಕ ಮಾತ್ರ. ಸುಸ್ತು ಅಂತ ಐದು ನಿಮಿಷ ಗೋಡೆಗೆ ಒರಗಿ ಕೂತು, ಮತ್ತೆ ಎದ್ದು ರೊಟ್ಟಿ ತಟ್ಟಲು ಹೋಗುವ ಹೆಂಗಸಿಗೆ ರಕ್ತ ಕಡಿಮೆ ಇದೆ ಅಂತ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ, ಎಷ್ಟೋ ಸಲ ಅವಳಿಗೇ ತಿಳಿದಿರುವುದಿಲ್ಲ. ಆ ಬೆರಳು ಚುಚ್ಚುವುದು ಅವಳಿಗಾಗಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ 65ಕ್ಕೂ ಜಾಸ್ತಿ. ಅದರ ಹಿಂದಿನ ಸಮೀಕ್ಷೆಗಿಂತ ಎರಡೂ ಏರಿವೆ. ಇಷ್ಟು ದೊಡ್ಡ ಕಷ್ಟದ ಬಗ್ಗೆ ಯಾರೂ ಬೀದಿಗಿಳಿದು ಕೇಳಿರಲಿಲ್ಲ. ಎಣಿಸಿದ್ದಕ್ಕೇ ಕಣ್ಣಿಗೆ ಬಿತ್ತು.

ಎಣಿಸಿದ ಮೇಲೆ ಏನಾಗುತ್ತದೆ ಅಂತ ಕೇಳಬಹುದು. ಶಾಲೆಯ ಮೊಟ್ಟೆಯ ಕಥೆ ನಿಮಗೆ ನೆನಪಿರಬಹುದು. ಅಪೌಷ್ಟಿಕತೆ, ರಕ್ತಹೀನತೆ ಎಲ್ಲಿ ಜಾಸ್ತಿ ಅಂತ ಅಂಕಿಅಂಶ ಹೇಳಿದ್ದರಿಂದಲೇ 2021ರ ಡಿಸೆಂಬರಿನಲ್ಲಿ ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ, ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಬೇಡ ಅಂದವರಿಗೆ ಬಾಳೆಹಣ್ಣು. ವಿರೋಧವೂ ಬಂತು, ಕೆಲವು ಸ್ವಾಮೀಜಿಗಳು ಬೇಡವೇ ಬೇಡ ಅಂದರು. ಆಗ ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಇಲ್ಲದ ಗದಗಿನ ಮಕ್ಕಳನ್ನೂ ತೂಗಿ ನೋಡಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ತೂಕದ ಲೆಕ್ಕ ಇಲ್ಲದಿದ್ದರೆ ಆ ಜಗಳ ಬರೀ ನಂಬಿಕೆಯ ಜಗಳವಾಗಿಯೇ ಉಳಿಯುತ್ತಿತ್ತು ಅಂತ ನನಗೆ ಅನಿಸುತ್ತದೆ.

ಆಪರೇಷನ್ ಪ್ರಶ್ನೆಗೆ ಬರೋಣ. ಅದೇ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಂತಾನಹರಣ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರದ್ದು? ಹೆಚ್ಚುಕಡಿಮೆ ಸೊನ್ನೆ. ಗಂಡಸರ ಆಪರೇಷನ್ ಇನ್ನೂ ಸುಲಭ ಅಂತ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ, ಆದರೂ ಹೀಗೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕುಟುಂಬ ಯೋಜನೆಯ ಮಾತನ್ನು ಗಂಡಂದಿರ ಜೊತೆಯೂ ಆಡಬೇಕು ಅಂತ ಇಲಾಖೆಗೆ ಹೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಾ?

ಇನ್ನೊಂದು ಲೆಕ್ಕ ನಮ್ಮ ಮುಂದಿನ ದಿನಗಳದ್ದು. ಅದೇ 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಅಂದರೆ ನಾಳೆ ಅಪ್ಪ ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಇರುವುದು ಒಬ್ಬರೋ ಇಬ್ಬರೋ, ಅವರೂ ಬೆಂಗಳೂರಲ್ಲೋ ಪುಣೆಯಲ್ಲೋ. ಹಾಗಾದರೆ ಆ ಭಾರ ಯಾರ ಮೇಲೆ ಬೀಳುತ್ತದೆ? 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಜನ ದಿನವನ್ನು ಹೇಗೆ ಕಳೆಯುತ್ತಾರೆ ಅಂತ ಸರ್ವೇ ಮಾಡಿತು. ಮನೆಕೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮಾಡುವವರೇ ನಾಲ್ಕರಲ್ಲಿ ಒಬ್ಬರು, ಅವರು ಕೊಡುವುದು 97 ನಿಮಿಷ. ಸುಮಾರು ಐದು ಗಂಟೆ ಆಗಲೇ ದುಡಿಯುತ್ತಿರುವ ಸೊಸೆಯ ಹೆಗಲಿಗೇ ಅತ್ತೆಯ ಆರೈಕೆಯೂ ಬರುತ್ತದೆ. ವೃದ್ಧರ ಹಗಲು ಆರೈಕೆ ಕೇಂದ್ರ ಎಲ್ಲಿ ಬೇಕು, ಮನೆಗೇ ಬರುವ ನರ್ಸ್ ಎಷ್ಟು ಜನ ಬೇಕು ಅಂತ ಸುಮ್ನೆ ಊಹಿಸಿ ದುಡ್ಡು ಇಡಲು ಆಗುವುದಿಲ್ಲ ಅಲ್ವಾ?

ಗುಟ್ಟಿನ ಹೆದರಿಕೆ ಇದ್ದರೆ: ಪ್ರಕಟವಾಗುವ ವರದಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ. ಶುರು ಮಾಡುವ ಮೊದಲು ಸರ್ವೇಯವರು ನಿಮ್ಮ ಒಪ್ಪಿಗೆ ಕೇಳಲೇಬೇಕು, ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆಯನ್ನು ಬಿಡಬಹುದು. ಪಕ್ಕದಲ್ಲಿ ಮನೆಯವರು ಕೂತಿದ್ದಾರೆ ಅಂತ ಮುಜುಗರವಾದರೆ, ಒಳಗೆ ಕೂತು ಮಾತಾಡೋಣ ಅಂತ ಸರ್ವೇಯವರಿಗೆ ಹೇಳಿ.