ಕೂದಲೆಳೆಯ ಗಡಿ: ನಟರೂ ಚಿತ್ರಗಳೂ ಒಂದೇ ತೆರೆಗೆ ಬರುವ ಬಗೆ

2018ರ ಡಿಸೆಂಬರಿನಲ್ಲಿ ಬಿಡುಗಡೆಯಾದ 'ಮೇರಿ ಪಾಪಿನ್ಸ್ ರಿಟರ್ನ್ಸ್' ಚಿತ್ರದಲ್ಲಿ ಮೂವರು ಮಕ್ಕಳು ಒಂದು ಪಿಂಗಾಣಿ ಬೋಗುಣಿಯ ಮೇಲೆ ಬರೆದ ಚಿತ್ರದೊಳಕ್ಕೆ ಹೊಕ್ಕುಬಿಡುತ್ತಾರೆ. ಅವರ ಜೊತೆಗೆ ಮಾಯಾವಿ ದಾದಿ ಮೇರಿ, ಲಂಡನ್ನಿನ ಬೀದಿದೀಪ ಹಚ್ಚುವ ಜ್ಯಾಕ್. ಅಲ್ಲಿ ಸಾರೋಟು ಓಡಿಸುವುದು ಒಂದು ನಾಯಿ, ಕುಣಿಯುವುದು ಪೆಂಗ್ವಿನ್‌ಗಳು. ಈ ಪ್ರಾಣಿಗಳೆಲ್ಲ ಕಲಾವಿದರು ಕೈಯಲ್ಲಿ ಬಿಡಿಸಿದವು; ರಕ್ತಮಾಂಸದವರು ಆ ಐವರು ಮಾತ್ರ. ಇದರ ಮೊದಲ ಭಾಗ ಬಂದದ್ದು 1964ರಲ್ಲಿ. ಅಲ್ಲಿಯೂ ಪಾತ್ರಗಳು ರಸ್ತೆಬದಿಯ ಸೀಮೆಸುಣ್ಣದ ಚಿತ್ರದೊಳಕ್ಕೆ ಜಿಗಿದು, ಬಿಡಿಸಿದ ಪೆಂಗ್ವಿನ್‌ಗಳ ಜೊತೆ ಕುಣಿದಿದ್ದವು. ಒಂದು ಕಥೆಗೂ ಅದರ ಮುಂದುವರಿಕೆಗೂ ನಡುವೆ 54 ವರ್ಷಗಳ ಅಂತರ.

ಈ ಅಂತರದಲ್ಲಿ ಕಂಪ್ಯೂಟರ್ ಬಂತು, ಡಿಜಿಟಲ್ ಕ್ಯಾಮೆರಾ ಬಂತು. ಹಾಗಾಗಿ ನಟರನ್ನೂ ಚಿತ್ರಗಳನ್ನೂ ಬೆಸೆಯುವ ವಿದ್ಯೆಯೂ ಅಷ್ಟೇ ಮುಂದೆ ಹೋಗಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಬಹುಪಾಲು ಅದು ನಿಜ. ಆದರೆ ಒಂದು ವಿಷಯದಲ್ಲಿ ಹಳೆಯ ಚಿತ್ರವೇ ಮುಂದಿತ್ತು. ಅದು ಅಳೆದು ತಿಳಿದುಕೊಂಡದ್ದನ್ನು ನಂತರದವರು ಲೆಕ್ಕಹಾಕಿ ಊಹಿಸಬೇಕಾಯಿತು. ಆ ವಿಷಯ ಯಾವುದೆಂದು ನೋಡಬೇಕಾದರೆ 1964ರ ಆ ದೃಶ್ಯದಲ್ಲಿ ಮೇರಿಯಾಗಿ ನಟಿಸಿದ ಜೂಲಿ ಆಂಡ್ರ್ಯೂಸ್ ತೊಟ್ಟ ಹ್ಯಾಟಿನ ತೆಳು ಜಾಲರಿ ಬಟ್ಟೆಯನ್ನು ಗಮನಿಸಬೇಕು. ಹಿಂದಿರುವುದು ಬಣ್ಣದಲ್ಲಿ ಬರೆದ ಹೊಲ, ಮರ, ಆಕಾಶ. ಜಾಲರಿಯ ಮೂಲಕ ಅದು ಮಸುಕು ಮಸುಕಾಗಿ, ಸಹಜವಾಗಿ ಕಾಣುತ್ತದೆ. ಅಂಚಿನಲ್ಲಿ ಕತ್ತರಿ ಆಡಿಸಿದ ಗುರುತಿಲ್ಲ.

ಇದು ಯಾಕೆ ಅಷ್ಟು ಕಷ್ಟ? ನಟಿಯನ್ನು ಬೇರೆ ಕಡೆ ಚಿತ್ರೀಕರಿಸಿ, ಅವಳ ಆಕಾರವನ್ನಷ್ಟೇ ಬಿಡಿಸಿಕೊಂಡು ಹೊಸ ಹಿನ್ನೆಲೆಯ ಮೇಲೆ ಕೂರಿಸಬೇಕು. ಹಾಗೆ ಬಿಡಿಸಿಕೊಳ್ಳಲು ಬೇಕಾದ ನಕ್ಷೆಗೆ ಚಿತ್ರರಂಗದವರು 'ಮ್ಯಾಟ್' ಎನ್ನುತ್ತಾರೆ. ನಟಿ ಇರುವ ಕಡೆ ಬಿಳಿ, ಇಲ್ಲದ ಕಡೆ ಕಪ್ಪು. ಮೈಯ ನಡುಭಾಗದಲ್ಲಿ, ಕೋಟಿನ ಮೇಲೆ, ಕೆನ್ನೆಯ ಮೇಲೆ ಯಾವ ತೊಡಕೂ ಇಲ್ಲ. ತೊಡಕೆಲ್ಲ ಅಂಚಿನಲ್ಲಿದೆ. ಹಾರುವ ಒಂದು ಕೂದಲು ಪಿಕ್ಸೆಲ್‌ಗಿಂತಲೂ ತೆಳ್ಳಗಿರಬಹುದು. ಆಗ ಆ ಪಿಕ್ಸೆಲ್ಲಿನಲ್ಲಿ ಕೂದಲಿನ ಬಣ್ಣವೂ ಹಿನ್ನೆಲೆಯ ಬಣ್ಣವೂ ಬೆರೆತಿರುತ್ತವೆ. ವೇಗವಾಗಿ ಬೀಸಿದ ಕೈಯ ಅಂಚು ಕಲೆಸಿ ಹೋಗಿರುತ್ತದೆ. ಜಾಲರಿಯಂತೂ ಅಡಿಯಿಂದ ಮುಡಿಯವರೆಗೂ ಅಂಚೇ. ಇಂಥಲ್ಲಿ 'ಇದೆ' ಅಥವಾ 'ಇಲ್ಲ' ಎಂದರೆ ಸಾಲದು. ನೂರಕ್ಕೆ ಎಷ್ಟು ಪಾಲು ಇದೆ ಎಂದು ಹೇಳಬೇಕು. ಆ ಪಾಲಿನ ಹೆಸರು ಆಲ್ಫಾ. ಬಣ್ಣದ ಜೊತೆಗೆ ಆಲ್ಫಾವನ್ನೂ ಚಿತ್ರದ ಅಂಗವಾಗಿಯೇ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯನ್ನು 1970ರ ದಶಕದ ಕೊನೆಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮಲ್ ರೂಪಿಸಿದರು.

ಈಗ ಸ್ವಲ್ಪ ಲೆಕ್ಕ. ಕ್ಯಾಮೆರಾ ಪ್ರತಿ ಪಿಕ್ಸೆಲ್ಲಿಗೂ ಕೊಡುವುದು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳನ್ನು. ನಮಗೆ ಬೇಕಾಗಿರುವುದು ನಟಿಯ ನಿಜವಾದ ಬಣ್ಣದ ಮೂರು ಸಂಖ್ಯೆಗಳು ಮತ್ತು ಆಲ್ಫಾ, ಒಟ್ಟು ನಾಲ್ಕು. ಹಿನ್ನೆಲೆಯ ಬಣ್ಣ ಮೊದಲೇ ಗೊತ್ತಿದ್ದರೂ ಮೂರು ಸಮೀಕರಣಗಳಿಂದ ನಾಲ್ಕು ಅಜ್ಞಾತಗಳನ್ನು ಕಂಡುಹಿಡಿಯಲಾಗದು. ಸ್ಮಿತ್ ಮತ್ತು ಜಿಮ್ ಬ್ಲಿನ್ 1996ರ ಪ್ರಬಂಧವೊಂದರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಅದೇ ವಸ್ತುವನ್ನು ಎರಡು ಬೇರೆ ಬೇರೆ ಬಣ್ಣದ ಹಿನ್ನೆಲೆಗಳ ಮುಂದಿಟ್ಟು ಎರಡು ಸಲ ಫೋಟೊ ತೆಗೆದರೆ ಉತ್ತರ ಸಿಗುತ್ತದೆ ಎಂಬುದೂ ಅವರ ಫಲಿತಾಂಶ. ಅಲುಗಾಡದ ಹೂಕುಂಡಕ್ಕೆ ಅದು ಸರಿ. ಕುಣಿಯುವ ನಟಿ ಎರಡನೇ ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಭಂಗಿಗೆ ಬರಲಾರಳು.

ನೀಲಿ ಪರದೆ, ಹಸಿರು ಪರದೆಗಳು ಈ ಕೊರತೆಯನ್ನು ಜಾಣತನದ ಊಹೆಯಿಂದ ತುಂಬಿಕೊಳ್ಳುತ್ತವೆ. 'ಬೆನ್ ಹರ್' (1959) ಚಿತ್ರಕ್ಕಾಗಿ ಪೆಟ್ರೋ ವ್ಲಾಹೋಸ್ ಎಂಬ ಎಂಜಿನಿಯರ್ ಕಟ್ಟಿದ ನೀಲಿ ಪರದೆಯ ವಿಧಾನ ನಿಂತಿರುವುದು ಒಂದು ಗಮನಿಕೆಯ ಮೇಲೆ: ಚರ್ಮ, ಕೂದಲು, ಮರ, ಸಾಮಾನ್ಯ ಬಟ್ಟೆಗಳ ಬಣ್ಣದಲ್ಲಿ ನೀಲಿಯ ಪಾಲು ಹಸಿರಿನ ಪಾಲನ್ನು ಮೀರುವುದು ಅಪರೂಪ. ಎಲ್ಲಿ ಮೀರುತ್ತದೋ ಅಲ್ಲಿ ಪರದೆ ಇಣುಕುತ್ತಿದೆ ಎಂದರ್ಥ. ಡಿಜಿಟಲ್ ಕಾಲದಲ್ಲಿ ಹಸಿರು ಮುಂದೆ ಬಂದದ್ದಕ್ಕೆ ಕ್ಯಾಮೆರಾದ ಸೆನ್ಸರ್ ಒಂದು ಕಾರಣ. ಅದರಲ್ಲಿ ಒಂದು ಕೆಂಪು ಮತ್ತು ಒಂದು ನೀಲಿ ಬಿಂದುವಿಗೆ ಎರಡು ಹಸಿರು ಬಿಂದುಗಳಿರುತ್ತವೆ. ಹಾಗಾಗಿ ಹಸಿರಿನ ವಿವರ ಹೆಚ್ಚು ಸ್ಪಷ್ಟ. ಆದರೂ ಊಹೆ ಊಹೆಯೇ. ಪರದೆಯ ಹಸಿರು ನಟರ ಕೆನ್ನೆ, ಭುಜದ ಮೇಲೆ ಪ್ರತಿಫಲಿಸುತ್ತದೆ. ಅದನ್ನು ತೊಡೆಯಲು ಹೋದರೆ ಕೂದಲೂ ಸವೆಯುತ್ತದೆ. ಗಾಜಿನ ಲೋಟ, ನೀರು, ಹೊಗೆ, ಜಾಲರಿ ಬಂದಾಗಲೆಲ್ಲ ಕಲಾವಿದರು ಫ್ರೇಮ್ ಫ್ರೇಮ್ ಕೂತು ತಿದ್ದಬೇಕು. ಹಸಿರು ಅಂಗಿಯನ್ನಂತೂ ತೊಡುವಂತೆಯೇ ಇಲ್ಲ.

1964ರಲ್ಲಿ ಡಿಸ್ನಿ ಸ್ಟುಡಿಯೋ ಹಿಡಿದ ದಾರಿಯೇ ಬೇರೆ. ಆ ನಾಲ್ಕನೆಯ ಸಂಖ್ಯೆಯನ್ನು ಅದು ಊಹಿಸಲಿಲ್ಲ, ನೇರವಾಗಿ ಅಳೆಯಿತು. ಅದಕ್ಕೆ ಒದಗಿದ್ದು ಸೋಡಿಯಂ.

ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಉಪ್ಪಿನ ಕಣ ಬಿದ್ದರೆ ಜ್ವಾಲೆ ಫಕ್ಕನೆ ಹಳದಿಯಾಗುವುದನ್ನು ನೋಡಿರುತ್ತೀರಿ. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂಟಿ ಎಲೆಕ್ಟ್ರಾನ್ ಇದೆ. ಶಾಖ ಅಥವಾ ವಿದ್ಯುತ್ತು ಅದನ್ನು ಮೇಲಿನ ಮಟ್ಟಕ್ಕೆ ಏರಿಸುತ್ತದೆ. ಅದು ಕೆಳಗಿಳಿಯುವಾಗ ಹೊಮ್ಮುವ ಬೆಳಕಿನ ತರಂಗಾಂತರ 589.0 ಅಥವಾ 589.6 ನ್ಯಾನೋಮೀಟರ್, ಅಷ್ಟೇ. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 380ರಿಂದ 750ರವರೆಗೆ ಹರಡಿಕೊಂಡಿದೆ; ಅಷ್ಟಗಲದ ಪಟ್ಟಿಯಲ್ಲಿ ಇದು ಎರಡು ಗೀರುಗಳು ಮಾತ್ರ. (ನಮ್ಮ ಊರುಗಳಲ್ಲಿ ಎಲ್‌ಇಡಿ ಬರುವ ಮುಂಚೆ ಇದ್ದ ಹೊಂಬಣ್ಣದ ಬೀದಿದೀಪಗಳೂ ಬಹುಪಾಲು ಸೋಡಿಯಂ ದೀಪಗಳೇ. ಆದರೆ ಅವು ಹೆಚ್ಚಿನ ಒತ್ತಡದವು. ಒತ್ತಡ ಏರಿದಾಗ ಗೀರುಗಳು ಅಗಲವಾಗಿ ಬೇರೆ ಬಣ್ಣಗಳೂ ಸೇರಿಕೊಳ್ಳುತ್ತವೆ. ಸಿನಿಮಾಕ್ಕೆ ಬೇಕಾದದ್ದು ಕಡಿಮೆ ಒತ್ತಡದ, ಶುದ್ಧ ಗೀರಿನ ದೀಪ.)

ಕಲಾವಿದರ ಹಿಂದೆ ಒಂದು ಬಿಳಿ ಪರದೆ, ಅದರ ಮೇಲೆ ಸೋಡಿಯಂ ದೀಪಗಳ ಬೆಳಕು. ಕಲಾವಿದರ ಮೇಲೆ ಮಾಮೂಲಿ ದೀಪಗಳು. ಮಸೂರದ ಹಿಂದೆ ಕೂರಿಸಿದ ವಿಶೇಷ ಪ್ರಿಸಂ ಒಳಬಂದ ಬೆಳಕನ್ನು ಎರಡಾಗಿ ಸೀಳುತ್ತದೆ. ಒಂದು ದಾರಿಯಲ್ಲಿ 589ರ ಹಳದಿ ಮಾತ್ರ ಹಾದುಹೋಗಿ ಒಂದು ಫಿಲ್ಮಿನ ಮೇಲೆ ಬೀಳುತ್ತದೆ. ಅಲ್ಲಿ ಪರದೆ ಬೆಳ್ಳಗೆ, ಕಲಾವಿದರು ಕಪ್ಪು ನೆರಳಾಗಿ ಮೂಡುತ್ತಾರೆ: ಕಪ್ಪು ಬಿಳುಪು ಅದಲುಬದಲಾದ ಅದೇ ಮ್ಯಾಟ್. ಇನ್ನೊಂದು ದಾರಿಯಲ್ಲಿ ಆ ಹಳದಿಯನ್ನು ತಡೆದು ಉಳಿದೆಲ್ಲ ಬೆಳಕನ್ನು ಬಣ್ಣದ ಫಿಲ್ಮಿಗೆ ಬಿಡಲಾಗುತ್ತದೆ. ಎರಡೂ ಚಿತ್ರಗಳು ಒಂದೇ ಮಸೂರದಿಂದ, ಒಂದೇ ಕ್ಷಣದಲ್ಲಿ ಮೂಡಿದವು. ಕೂದಲು ಎಷ್ಟು ಹಳದಿಯನ್ನು ಮರೆಮಾಡಿತೋ ಅಷ್ಟು ಕಪ್ಪು. ಜಾಲರಿ ಎಷ್ಟನ್ನು ಹಾಯಗೊಟ್ಟಿತೋ ಅಷ್ಟು ಬೂದು. ಆಲ್ಫಾ ಎಂಬ ಹೆಸರು ಹುಟ್ಟುವ ಮೊದಲೇ ಆಲ್ಫಾ ಫಿಲ್ಮಿನ ಮೇಲೆ ಅಚ್ಚಾಗಿತ್ತು.

ಹಾಗಾದರೆ ನಟರು ಹಳದಿ ಬಟ್ಟೆ ತೊಡುವಂತಿಲ್ಲವೇ? ಧಾರಾಳವಾಗಿ ತೊಡಬಹುದು. ಹಳದಿ ಬಟ್ಟೆ ಹಸಿರಿನಿಂದ ಕೆಂಪಿನವರೆಗಿನ ಅಗಲವಾದ ಪಟ್ಟಿಯನ್ನೇ ಪ್ರತಿಫಲಿಸುತ್ತದೆ. ಅದರಲ್ಲಿ ಒಂದು ಸಣ್ಣ ಸೀಳು ಕಳೆದರೆ ಕಣ್ಣಿಗೂ ತಿಳಿಯದು, ಫಿಲ್ಮಿಗೂ ತಿಳಿಯದು. ಈ ವಿಧಾನದಲ್ಲಿ ನನಗೆ ಎಲ್ಲಕ್ಕಿಂತ ಸುಂದರವಾಗಿ ಕಾಣುವ ಸಂಗತಿ ಇದು. ಹಸಿರು ಪರದೆ ಕಣ್ಣಿಗೆ ಕಾಣುವ ಒಂದು ಇಡೀ ಬಣ್ಣವನ್ನು ಬಲಿ ಕೇಳುತ್ತದೆ. ಸೋಡಿಯಂ ಪರದೆ ಯಾರೂ ಗಮನಿಸದ ಒಂದು ಗೀರನ್ನಷ್ಟೇ ಕೇಳುತ್ತದೆ.

ಇದರ ಮೂಲ ಪ್ರಯೋಗಗಳು ನಡೆದದ್ದು 1950ರ ದಶಕದ ಬ್ರಿಟನ್ನಿನಲ್ಲಿ. ಡಿಸ್ನಿಗಾಗಿ ಅದನ್ನು ಹದಗೊಳಿಸಿದವರಲ್ಲಿ ನೀಲಿ ಪರದೆಯ ಅದೇ ವ್ಲಾಹೋಸ್ ಒಬ್ಬರು. ಮತ್ತೊಬ್ಬರು ಅಬ್ ಐವರ್ಕ್ಸ್, 1928ರಲ್ಲಿ ಮಿಕ್ಕಿ ಮೌಸ್‌ನ ಮೊದಲ ಚಿತ್ರಗಳನ್ನು ಬಿಡಿಸಿದ ಕಲಾವಿದ. ಪೆನ್ಸಿಲ್ ಹಿಡಿದ ಕೈಯೇ ಮುಂದೆ ಪ್ರಿಸಂ, ಮಸೂರಗಳಿಗೆ ತಿರುಗಿತ್ತು. ವಾಡ್ಸ್‌ವರ್ತ್ ಪೋಲ್ ಸೇರಿ ಈ ಮೂವರಿಗೂ 1964ನೇ ಸಾಲಿನ ತಾಂತ್ರಿಕ ಆಸ್ಕರ್ ಸಂದಿತು. ಆಲ್ಫ್ರೆಡ್ ಹಿಚ್‌ಕಾಕ್ ತಮ್ಮ 'ದಿ ಬರ್ಡ್ಸ್' (1963) ಚಿತ್ರದ ಹಕ್ಕಿಗಳ ದಾಳಿಗಾಗಿ ಇದೇ ವಿಧಾನಕ್ಕೆ ಮೊರೆಹೋಗಿದ್ದರು.

ಇಷ್ಟು ಚೆನ್ನಾಗಿದ್ದದ್ದು ಯಾಕೆ ಉಳಿಯಲಿಲ್ಲ? ಆ ಪ್ರಿಸಂ ತಯಾರಿಸುವುದು ಬಹಳ ಕಷ್ಟವಾಗಿತ್ತು, ಇದ್ದದ್ದೂ ಬೆರಳೆಣಿಕೆಯಷ್ಟು. ಎರಡು ಫಿಲ್ಮ್ ಓಡಿಸುವ ಕ್ಯಾಮೆರಾ ದೈತ್ಯಗಾತ್ರದ್ದು. ನೀಲಿ ಪರದೆಗಾದರೆ ಯಾವ ಸ್ಟುಡಿಯೋದ ಯಾವ ಕ್ಯಾಮೆರಾವೂ ಆದೀತು. ಕೊನೆಗೆ ಗೆದ್ದದ್ದು ಎಲ್ಲರ ಕೈಗೂ ಎಟುಕುವ ವಿಧಾನ.

ಇನ್ನು 2018ರ ಬೋಗುಣಿಗೆ ಬರೋಣ. ಅಂಚಿನ ಲೆಕ್ಕವನ್ನು ಕಂಪ್ಯೂಟರುಗಳೂ ಅವನ್ನು ನಡೆಸುವ ನುರಿತ ಕೈಗಳೂ ನಿಭಾಯಿಸಿದವು. ಆದರೆ ಅಂಚು ಸರಿಹೋದ ಮಾತ್ರಕ್ಕೆ ಮಗು ಪೆಂಗ್ವಿನ್ನಿನ ಪಕ್ಕದಲ್ಲೇ ಇದೆ ಎಂದು ನಮ್ಮ ಮಿದುಳು ಒಪ್ಪುವುದಿಲ್ಲ. ಅದು ಬೇರೆ ಸಾಕ್ಷಿಗಳನ್ನೂ ಕೇಳುತ್ತದೆ. ಮುಖ್ಯ ಸಾಕ್ಷಿ ನೆರಳು. ಡೇನಿಯಲ್ ಕರ್ಸ್ಟನ್, ಪಾಸ್ಕಲ್ ಮಮಾಸಿಯನ್, ಡೇವಿಡ್ ನಿಲ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಪೆಟ್ಟಿಗೆಯೊಳಗೆ ಚೆಂಡು ಚಲಿಸುತ್ತದೆ. ತೆರೆಯ ಮೇಲೆ ಚೆಂಡಿನ ಹಾದಿ ಎರಡು ಸಲವೂ ಒಂದೇ. ಬದಲಾಗುವುದು ನೆರಳಿನ ಹಾದಿ ಮಾತ್ರ. ನೆರಳು ಚೆಂಡಿಗೆ ಅಂಟಿಕೊಂಡೇ ಸಾಗಿದರೆ ಚೆಂಡು ನೆಲದ ಮೇಲೆ ಹಿಂದಕ್ಕೆ ಉರುಳುತ್ತಿದೆ ಎನ್ನಿಸುತ್ತದೆ, ದೂರ ಸರಿದರೆ ಗಾಳಿಯಲ್ಲಿ ಏಳುತ್ತಿದೆ ಎನ್ನಿಸುತ್ತದೆ. ಕಾಲ ಕೆಳಗಿನ ಪುಟ್ಟ ನೆರಳನ್ನು ಅನಿಮೇಟರುಗಳು ಅಷ್ಟು ಶ್ರದ್ಧೆಯಿಂದ ಬಿಡಿಸುವುದು ಇದಕ್ಕೇ.

ಮತ್ತೊಂದು ಸಾಕ್ಷಿ ಚಲನೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಶುದ್ಧ ಅನಿಮೇಷನ್ನಿನಲ್ಲಿ ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ, 12 ಚಿತ್ರಗಳಲ್ಲೇ ಸೆಕೆಂಡನ್ನು ದಾಟಿಸುವುದು ವಾಡಿಕೆ. ಕಣ್ಣು ತಕರಾರು ಮಾಡುವುದಿಲ್ಲ. ಆದರೆ ಪಕ್ಕದಲ್ಲಿ ನಿಜವಾದ ನಟಿ ಇದ್ದು, ಕ್ಯಾಮೆರಾವೂ ಸರಿಯುತ್ತಿದ್ದರೆ, ಎರಡು ಫ್ರೇಮ್ ನಿಂತ ಪೆಂಗ್ವಿನ್ ಅವಳ ಪಕ್ಕದಲ್ಲಿ ಅದುರಿದಂತೆ, ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಆಗ 24ಕ್ಕೆ 24 ಬಿಡಿಸಲೇಬೇಕು, ಶ್ರಮ ಇಮ್ಮಡಿ. 2011ರ ನಂತರ ಡಿಸ್ನಿ ಸ್ಟುಡಿಯೋದಿಂದ ಕೈಯಲ್ಲಿ ಬಿಡಿಸಿದ ಪೂರ್ಣಪ್ರಮಾಣದ ಚಿತ್ರ ಬಂದಿರಲಿಲ್ಲ. ಆದ್ದರಿಂದ ಈ ದೃಶ್ಯಗಳಿಗಾಗಿ ಕೆನ್ ಡಂಕನ್ ಅವರ ಸ್ಟುಡಿಯೋದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಲಾವಿದರನ್ನು ಕಲೆಹಾಕಬೇಕಾಯಿತು. ನಿರ್ದೇಶಕ ರಾಬ್ ಮಾರ್ಷಲ್ ಕಂಪ್ಯೂಟರಿನ ಮೂರು ಆಯಾಮದ ಪ್ರಾಣಿಗಳನ್ನು ಬಳಸದೆ ಕೈಚಿತ್ರವೇ ಬೇಕೆಂದದ್ದು ಸರಿಯಾದ ತೀರ್ಮಾನ ಎಂದೇ ನನ್ನ ಎಣಿಕೆ.

ಆದರೆ ಈ ಚಿತ್ರದ ಅತ್ಯಂತ ಜಾಣ ಉಪಾಯ ಇರುವುದು ದರ್ಜಿಯ ಕೋಣೆಯಲ್ಲಿ. ಬಟ್ಟೆಯ ಮಡಿಕೆಗಳ ಮೇಲೆ ಬೆಳಕು ಒಂದು ಕಡೆ ಹೊಳೆದು ಇನ್ನೊಂದು ಕಡೆ ಮಂಕಾಗುವುದನ್ನು ಕಂಡೇ ಮಿದುಳು ಉಬ್ಬುತಗ್ಗುಗಳನ್ನು ಅರಿಯುತ್ತದೆ. ಚಪ್ಪಟೆ ಚಿತ್ರಲೋಕದ ನಡುವೆ ಹಾಗೆ ಉಬ್ಬಿ ಕಾಣುವ ನಟರು ಹೊರಗಿನವರಾಗಿ ಉಳಿದುಬಿಡುತ್ತಾರೆ. 1988ರ 'ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್' ಇದನ್ನು ಒಂದು ತುದಿಯಿಂದ ಬಿಡಿಸಿತ್ತು: ಬಿಡಿಸಿದ ಮೊಲಕ್ಕೆ ಪದರ ಪದರವಾಗಿ ಹೊಳಪು, ನೆರಳು ಕೊಟ್ಟು ಅದನ್ನು ನಮ್ಮ ಲೋಕಕ್ಕೆ ಉಬ್ಬಿಸಿ ತಂದಿತು. ವಸ್ತ್ರವಿನ್ಯಾಸಕಿ ಸ್ಯಾಂಡಿ ಪಾವೆಲ್ ಮತ್ತೊಂದು ತುದಿಯಿಂದ ಹೊರಟರು. ಬೋಗುಣಿಯೊಳಗಿನ ಉಡುಪುಗಳ ಮೇಲೆ ಮಡಿಕೆ, ಅಂಚು, ಅಲಂಕಾರಗಳನ್ನು ಬಣ್ಣದ ಕುಂಚದಲ್ಲೇ ಬರೆಸಿದರು. ಈ ಚಿತ್ರದ ಮೇರಿ, ಎಮಿಲಿ ಬ್ಲಂಟ್, ಎಷ್ಟು ತಿರುಗಿದರೂ ಆ ಬರೆದ ನೆರಳು ಕದಲುವುದಿಲ್ಲ. ಮಿದುಳಿಗೆ ಆಳದ ಸುಳಿವು ಸಿಗುವುದಿಲ್ಲ, ನಟಿ ಅರ್ಧ ಚಿತ್ರವೇ ಆಗುತ್ತಾಳೆ. ಬೆಸುಗೆಯ ಅರ್ಧ ಕೆಲಸ ಕ್ಯಾಮೆರಾ ತಿರುಗುವ ಮೊದಲೇ ಮುಗಿದಿತ್ತು.

ಸೋಡಿಯಂ ವಿಧಾನವೂ ಮತ್ತೆ ಎದ್ದು ಬಂದಿದೆ. ಡಿಜಿಟಲ್ ದೃಶ್ಯತಂತ್ರಗಳ ಸಂಶೋಧಕ ಪಾಲ್ ಡೆಬೆವೆಕ್, ಕಾರಿಡಾರ್ ಕ್ರೂ ಎಂಬ ಯೂಟ್ಯೂಬ್ ತಂಡದ ಜೊತೆ ಸೇರಿ, ಸೋಡಿಯಂ ದೀಪದ ಪರದೆ, ಬೆಳಕು ಸೀಳುವ ಗಾಜು, ಎರಡು ಡಿಜಿಟಲ್ ಕ್ಯಾಮೆರಾಗಳಿಂದ ಆ ವ್ಯವಸ್ಥೆಯನ್ನು ಪುನಃ ಕಟ್ಟಿ 2024ರಲ್ಲಿ ತೋರಿಸಿದರು. ಕೂದಲು, ಜಾಲರಿ, ನೀರು, ಗಾಜುಗಳೆಲ್ಲ ತಿದ್ದುಪಡಿಯ ಗೋಜಿಲ್ಲದೆ ಹೊರಬಂದವು. ಬೇಕಾದ ಭಾಗಗಳು ಇಂದು ಮಾರುಕಟ್ಟೆಯಲ್ಲೇ ಸಿಗುತ್ತವೆ. ಇದರಿಂದ ಇನ್ನೊಂದು ಉಪಯೋಗವೂ ಇದೆ. ಈಗಿನ ಕಂಪ್ಯೂಟರ್ ಪ್ರೋಗ್ರಾಮುಗಳು ಸಾವಿರಾರು ಉದಾಹರಣೆಗಳನ್ನು ನೋಡಿ, ಯಾವ ಪರದೆಯೂ ಇಲ್ಲದೆ ಮನುಷ್ಯರ ಅಂಚನ್ನು ಬಿಡಿಸಲು ಕಲಿಯುತ್ತಿವೆ. ಕೂದಲಿನ ಜಾಗದಲ್ಲಿ ಸರಿಯುತ್ತರ ಏನೆಂದು ಅವಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ? ಮನುಷ್ಯರು ಕೈಯಿಂದ ಗೀಚಿದ ಅಂದಾಜನ್ನು ಕೊಟ್ಟರೆ ಅವು ಕಲಿಯುವುದೂ ಅಂದಾಜನ್ನೇ. 589 ನ್ಯಾನೋಮೀಟರಿನ ಗೀರು ಕೊಡುವುದು ಅಳತೆ ಮಾಡಿದ ಉತ್ತರ.